ಗೋಡೆಯ ಆಚೆಯ ಹೂಂ

ಮಾಸ್ತರ ಮುಖ ನೋಡುವುದಕ್ಕೆ ಎಷ್ಟೋ ಮೊದಲು ನಾನು ಅವರ ದನಿ ಕೇಳಿದ್ದೆ. ಅದೂ ಕತ್ತಲಲ್ಲಿ, ಗೋಡೆಯ ಆಚೆಯಿಂದ.

ಬಳ್ಳಾರಿಯ ಕಂಟೋನ್ಮೆಂಟಿಗೆ ಹೋಗುವ ದಾರಿಯಲ್ಲಿದ್ದ ಆ ಟಾಕೀಸಿನ ಬೆಂಚ್ ಕ್ಲಾಸಿಗೆ ನಟ್ಟನಡುವೆ ಒಂದು ಗಿಡ್ಡ ಗೋಡೆ ಇತ್ತು. ಈಚೆ ಹೆಂಗಸರು, ಆಚೆ ಗಂಡಸರು. ನಿಂತರೆ ಎದೆಮಟ್ಟ ಬರುತ್ತಿತ್ತು, ಕೂತರೆ ಆಚೆ ಇರುವವರ ತಲೆಯೂ ಕಾಣುತ್ತಿರಲಿಲ್ಲ. ಗಂಡಹೆಂಡತಿ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಗೇಟಿನಲ್ಲಿ ನುಗ್ಗಿ, ಒಳಗೆ ಬಂದ ಮೇಲೆ ಬೇರೆಬೇರೆ ಆಗಬೇಕು. ಕುರ್ಚಿ ಕ್ಲಾಸಿನಲ್ಲಾದರೆ ಜೊತೆಗೆ ಕೂರಬಹುದಿತ್ತು. ಅಲ್ಲಿಗೆ ವಕೀಲರು, ಡಾಕ್ಟರುಗಳು ಹೋಗುತ್ತಿದ್ದರು. ನಮ್ಮಂಥವರಿಗೆ ಆ ಬಾಗಿಲಿನ ಬಣ್ಣವೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾತ್ರ ಅಲ್ಲಿ ಇಂಗ್ಲಿಷ್ ಚಿತ್ರ. ನನ್ನನ್ನು ಕರೆದುಕೊಂಡು ಹೋಗುತ್ತಿದ್ದವಳು ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ವಾರದ ಆರು ದಿನ ಅವಳ ಹುಬ್ಬಿನ ಮೇಲೆ ಜೋಳದ ಹಿಟ್ಟು ಕೂತಿರುತ್ತಿತ್ತು. ಭಾನುವಾರ ಗಿರಣಿಗೆ ರಜೆ, ದೊಡ್ಡವ್ವನಿಗೆ ಸಿನಿಮಾ. ಇಂಗ್ಲಿಷ್ ಒಂದಕ್ಷರ ಬಾರದು. ಅವ್ವ ಇದನ್ನು ಎತ್ತಿ ಆಡಿದರೆ, "ಮಾತು ತಿಳೀದಿದ್ರ ಏನಾತು, ಹೊಡೆದಾಡೂದು ತಿಳೀತೈತಲ್ಲ?" ಅನ್ನುತ್ತಿದ್ದಳು.

ಹಾಗೆ ಹೋದ ಒಂದು ಭಾನುವಾರ ಗೋಡೆಯ ಪಕ್ಕದ ಬೆಂಚಿನಲ್ಲಿ ಜಾಗ ಸಿಕ್ಕಿತು. ಚಿತ್ರ ಶುರುವಾಯಿತು. ಆಚೆಯಿಂದ ಗಂಡಸಿನ ಸಣ್ಣ ದನಿ ಬಂತು.

"ಅವ ಹೇಳಾಕತ್ಯಾನ, ಮಷೀನು ಕೆಟ್ಟೈತಿ, ವಾಪಸ್ ಹೋಗೂದು ಕಷ್ಟ ಐತಿ ಅಂತ."

"ಹೂಂ," ಎಂದರು ನನ್ನ ಪಕ್ಕ ಕೂತಿದ್ದ ಹೆಂಗಸು.

"ಅಕಿ ನಂಬವಲ್ಲಳು. ನೀ ಬೇಕಂತ ಕೆಡಿಸೀದಿ ಅಂತಾಳ."

"ಹೂಂ."

ದೊಡ್ಡವ್ವ ನನ್ನ ತೊಡೆ ಚಿವುಟಿದಳು. ಇಬ್ಬರೂ ಇನ್ನಷ್ಟು ಗೋಡೆಗೆ ಸರಿದೆವು. ಮುಂದೆ ಇದೇ ನಮ್ಮ ಖಾಯಂ ಜಾಗವಾಯಿತು. ಕುರುಗೋಡಿನ ಹೈಸ್ಕೂಲಿನ ವಿಜ್ಞಾನದ ಮಾಸ್ತರು ಮತ್ತು ಅವರ ಹೆಂಡತಿ ಭಾನುವಾರದ ಬಸ್ಸಿಗೆ ಬರುತ್ತಾರೆ, ಇಬ್ಬರೂ ಗೋಡೆಗೆ ಆನಿಕೊಂಡು ಕೂರುತ್ತಾರೆ, ಅವರು ಚಿತ್ರವನ್ನು ಕನ್ನಡದಲ್ಲಿ ಹೇಳುತ್ತಾರೆ, ಇವರು ಹೂಂ ಅನ್ನುತ್ತಾರೆ ಎಂಬುದು ನಮಗೆ ನಿಧಾನಕ್ಕೆ ತಿಳಿಯಿತು. ಹೆಂಗಸರ ಕಡೆಯ ಮೂರು ಬೆಂಚು ಅವರ ದನಿಗಾಗಿಯೇ ತುಂಬುತ್ತಿದ್ದವು. "ನಮ್ಮ ಟಿಕೀಟಿನ್ಯಾಗ ಮಾಸ್ತರೂ ಬಂದ್ರು ನೋಡು," ಎಂದು ದೊಡ್ಡವ್ವ ಲಾಭದ ಮುಖ ಮಾಡುತ್ತಿದ್ದಳು.

ಇಂಟರ್‌ವಲ್ಲಿನಲ್ಲಿ ಗೋಡೆಯ ಮೇಲಿಂದ ಒಂದು ಕೈ ಮಾತ್ರ ಕಾಣುತ್ತಿತ್ತು; ನಿಂತು ಗಂಡಸರ ಕಡೆ ಇಣುಕಲು ದೊಡ್ಡವ್ವ ಬಿಡುತ್ತಿರಲಿಲ್ಲ. ಉಗುರಲ್ಲಿ ಸೀಮೆಸುಣ್ಣ, ಬೆರಳಲ್ಲಿ ಮಿರ್ಚಿ ಮಂಡಕ್ಕಿಯ ಪೊಟ್ಟಣ. ಅಕ್ಕಾರು, ಅಂದರೆ ಮಾಸ್ತರ ಹೆಂಡತಿ, ಅದನ್ನು ಇಸಿದುಕೊಂಡು ನಮಗೂ ಒಂದೊಂದು ಹಿಡಿ ಕೊಡುತ್ತಿದ್ದರು. ಅವರು ದೇಶನೂರಿನ ಕಡೆಯವರು, ಮಾತು ಬಹಳ ಕಡಿಮೆ. ಆದರೆ ಅವರ ಹೂಂ ಒಂದೇ ಥರ ಇರುತ್ತಿರಲಿಲ್ಲ. ಮುಂದೆ ಹೇಳಿ ಎಂಬ ಹೂಂ ಒಂದು, ಇದು ನನಗೆ ಮೊದಲೇ ಗೊತ್ತಿತ್ತು ಎಂಬುದು ಇನ್ನೊಂದು. ಪರದೆಯ ಮೇಲೆ ಗಂಡುಹೆಣ್ಣು ಸರಸವಾಡಿದರೆ ಮಾಸ್ತರು ಏನೂ ಹೇಳುತ್ತಿರಲಿಲ್ಲ. ಆಗ ಅಕ್ಕಾರು ಸುಮ್ಮನೆ ಒಂದು ಉದ್ದನೆಯ ಹೂಂ ಎಳೆದು ಮೂರು ಬೆಂಚನ್ನೂ ನಗಿಸುತ್ತಿದ್ದರು.

ಹೂಂ ಅನ್ನದವರಿಗೆ ಕಥೆ ಹೇಳಬಾರದು ಎಂಬುದು ನಮ್ಮ ಕಡೆಯ ಎಲ್ಲ ಅಜ್ಜಿಯರ ಕಾನೂನು. ಮಾಸ್ತರು ಅದನ್ನು ಟಾಕೀಸಿನಲ್ಲೂ ಬಿಟ್ಟವರಲ್ಲ. ಒಮ್ಮೆ ಅಕ್ಕಾರು ಮಿರ್ಚಿಯ ಖಾರಕ್ಕೆ ಬಾಯಿ ತೆರೆದುಕೊಂಡು ಹೂಂ ಅನ್ನುವುದನ್ನು ಮರೆತರು. ಪರದೆಯ ಮೇಲೆ ಇಡೀ ಊರು ಹೊತ್ತಿ ಉರಿಯುತ್ತಿದ್ದರೂ ಆಚೆಯಿಂದ ಸದ್ದಿಲ್ಲ. ಹಿಂದಿನ ಬೆಂಚಿನವಳು ತಡೆಯಲಾರದೆ ಅವರ ಬೆನ್ನಿಗೆ ತಿವಿದಳು. "ಅಕ್ಕಾರ, ಹೂಂ ಅನ್ರೀ. ಮುಂದ ಏನಾತು ಅಂತ ನಮಗ ತಿಳೀವಲ್ದು."

ಅಕ್ಕಾರು ಹೂಂ ಅಂದರು. ಆಚೆಯಿಂದ ಬೆಂಕಿ ಯಾರು ಹಚ್ಚಿದರು ಎಂಬುದು ಕೂಡಲೇ ತಿಳಿಯಿತು.

ಆಮೇಲೆ ಒಂದು ಬೇಸಿಗೆ ಇಬ್ಬರೂ ಬರುವುದು ನಿಂತಿತು. ಅಕ್ಕಾರು ಹಾಸಿಗೆ ಹಿಡಿದಿದ್ದಾರೆ ಎಂದು ಕುರುಗೋಡಿನಿಂದ ಗಿರಣಿಗೆ ಬಂದವರು ಯಾರೋ ಹೇಳಿದರು. ದೊಡ್ಡವ್ವ, "ಒಂದಿನ ಹೋಗಿ ಮಾತಾಡಿಸಿ ಬರಬೇಕು," ಎಂದು ವಾರವಾರವೂ ಅಂದಳು. ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಅಕ್ಕಾರು ಇಲ್ಲ ಎಂಬ ಸುದ್ದಿ ಬಂತು.

ಮೂರು ತಿಂಗಳ ಮೇಲೆ ಗೋಡೆಯ ಆಚೆ ಮತ್ತೆ ಅದೇ ದನಿ. "ಅವ ಕೇಳಾಕತ್ಯಾನ, ಬೀಗದ ಕೈ ಎಲ್ಲೈತಿ ಅಂತ." ಹೂಂ ಅನ್ನುವವರಿಲ್ಲ. ಒಂದು ಹೂಂ ಹಿಡಿಯುವಷ್ಟೇ ಹೊತ್ತು ತಡೆದು, ಮುಂದಿನ ಮಾತು. ಈಚೆ ಅಕ್ಕಾರ ಜಾಗವನ್ನು ಹೆಂಗಸರು ತಾವಾಗಿಯೇ ಖಾಲಿ ಬಿಟ್ಟಿದ್ದರು.

"ದೊಡ್ಡವ್ವಾ, ಯಾರಿಗೆ ಹೇಳಾಕತ್ಯಾರ ಅವರು?"

"ಸುಮ್ಕ ಕೇಳು. ಕೇಳಿದ್ರ ಏನೂ ಆಗೂದಿಲ್ಲ. ಆದ್ರ ನೀ ಓಗೊಡಬ್ಯಾಡ. ಯಾರನ್ನ ಕರದಾರೋ ಅವರ ಓಗೊಡಬೇಕು."

ಮಾಸ್ತರ ಮುಖವನ್ನು ನಾನು ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಪಿಯುಸಿ ಮುಗಿಸಿ, ನಮ್ಮ ಊರಿನ ಒಂದು ವಾರಪತ್ರಿಕೆಯ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಲು ಸೇರಿದ್ದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ, "ಇಲ್ಲಿ ಪ್ರೂಫ್ ಯಾರು ತಿದ್ದತಾರ್ರಿ?" ಎಂದರು. ಆ ದನಿಗೆ ನನ್ನ ಕೈಯಲ್ಲಿದ್ದ ಕೆಂಪು ಮಸಿಯ ಪೆನ್ನು ಕೆಳಗೆ ಬಿತ್ತು. ತಲೆ ಎತ್ತಿದರೆ, ಸೊರಗಿದ ಎತ್ತರದ ಮನುಷ್ಯ, ಜೇಬಿನಲ್ಲಿ ಎರಡು ತುಂಡು ಸೀಮೆಸುಣ್ಣ. ಕಿತ್ತುಹೋದ ಚಪ್ಪಲಿಯ ಬಾರನ್ನು ಶಾಲೆಯ ಪ್ರಯೋಗಾಲಯದ ಕೆಂಪು ವೈರಿನಿಂದ ಬಿಗಿದಿದ್ದರು. ನಮ್ಮ ಪತ್ರಿಕೆಯ ಸಿನಿಮಾ ವಿಮರ್ಶೆ ಬರೆಯುವವರು ಇವರೇ ಎಂದು ಆಗ ಗೊತ್ತಾಯಿತು. ಹಿಂದಿನ ವಾರ ನಾನು ಅವರದೊಂದು ವಾಕ್ಯವನ್ನು "ಚೆಂದ" ಮಾಡಿದ್ದೆ. ಅದಕ್ಕೆ ಜಗಳ ತೆಗೆಯಲು ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದಿದ್ದರು.

"ತಪ್ಪು ತಿದ್ದವ್ವ, ಬ್ಯಾಡ ಅನ್ನೂದಿಲ್ಲ. ನನ್ನ ಮಾತು ತಿದ್ದಬ್ಯಾಡ."

ಹೆಂಡತಿ ಹೋದ ಮೇಲೆ ಅವರು ಸಿರುಗುಪ್ಪಕ್ಕೆ ವರ್ಗ ಮಾಡಿಸಿಕೊಂಡಿದ್ದರು. ಭಾನುವಾರ ಚಿತ್ರ ನೋಡಿ ಊರಿಗೆ ಹೋಗಿ, ಬುಧವಾರ ಬಸ್ಸಿನ ಕಂಡಕ್ಟರ ಕೈಯಲ್ಲಿ ಬರಹ ಕಳಿಸುತ್ತಿದ್ದರು. ಹಳೆಯ ಉತ್ತರಪತ್ರಿಕೆಗಳನ್ನು ಮಡಿಚಿ ಅಂಟಿಸಿದ ಲಕೋಟೆ. ಲಕೋಟೆಯ ಮೇಲೆ ಯಾವನೋ ಹುಡುಗ ಬರೆದ ಬೆಳಕಿನ ವಕ್ರೀಭವನ, ಒಳಗೆ ಮಾಸ್ತರ ವಿಮರ್ಶೆ.

ಕಾದಂಬರಿ ಆಧಾರಿತ ಚಿತ್ರ ಬಂದರೆ ಮಾಸ್ತರು ಕೋರ್ಟು ತೆರೆದಂತೆ. ಪುಸ್ತಕ ತಂದು ಓದಿ, ಚಿತ್ರ ನೋಡಿ, ಎಲ್ಲೆಲ್ಲಿ ಬದಲಾಯಿಸಿದ್ದಾರೆ ಎಂದು ಸಾಲುಸಾಲಾಗಿ ಎತ್ತಿ ಆಡುತ್ತಿದ್ದರು. ನಟನೆ, ಹಾಡು, ಬಣ್ಣ ಎಲ್ಲ ಆಮೇಲೆ. ಕೊನೆಯನ್ನು ಬದಲಾಯಿಸಿದ್ದರೆ ಮುಗಿಯಿತು, ಮಾಫಿ ಇಲ್ಲ. ಒಮ್ಮೆ ಒಬ್ಬ ವಿತರಕರು ಪ್ರೆಸ್ಸಿಗೇ ಬಂದು ಕೂಗಾಡಿದರು. ಕಾದಂಬರಿಯಲ್ಲಿ ಸಾಯುವ ತಂಗಿಯನ್ನು ಚಿತ್ರದಲ್ಲಿ ಉಳಿಸಿ ಮದುವೆ ಮಾಡಿದ್ದರು; ಮಾಸ್ತರು ಅದನ್ನು ಮೋಸ ಎಂದು ಬರೆದಿದ್ದರು.

"ಜನ ಅಳತಾ ಮನೀಗೆ ಹೋಗಬೇಕೇನ್ರಿ? ಒಂದು ಜೀವ ಉಳಿಸಿದ್ರ ನಿಮ್ಮ ಗಂಟೇನು ಹೋತು?" ಎಂದರು ವಿತರಕರು.

ಮಾಸ್ತರು ಚಹಾ ಕುಡಿದು ಮುಗಿಸಿಯೇ ಉತ್ತರ ಕೊಟ್ಟರು. "ಬರದಾವ ದೂರ ಇರತಾನ್ರಿ, ಇಲ್ಲಾ ಸತ್ತಿರತಾನ. ಅವನ ಪರವಾಗಿ ಜಗಳಾ ಆಡಾಕ ಊರಿಗೊಬ್ಬ ಬೇಕಲ್ಲ. ನಮ್ಮೂರಿಗೆ ನಾ ಅದೀನಿ."

ನನಗೆ ಈ ಹಟ ಆಗ ಬಹಳ ಹಿಡಿಸುತ್ತಿತ್ತು. ನಾನೂ ತಪ್ಪು ಹಿಡಿಯುವ ಕೆಲಸದವಳೇ ತಾನೆ.

ಆ ವರ್ಷವೇ ಅವರು ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತ ನಮ್ಮ ಪತ್ರಿಕೆಗೆ ಧಾರಾವಾಹಿ ಬರೆದರು. ವೈಜ್ಞಾನಿಕ ಕಾದಂಬರಿ. ಒಬ್ಬ ಗಂಡಸು ಬೇರೊಂದು ನಕ್ಷತ್ರದ ಕಡೆ ಹೊರಟ ಹಡಗಿನಲ್ಲಿ ಹೋಗುತ್ತಾನೆ. ಹೆಂಡತಿ ಭೂಮಿಯಲ್ಲೇ ಉಳಿದು, ದಿನಾ ಸಂಜೆ ಒಂದು ಯಂತ್ರದ ಮುಂದೆ ಕೂತು ಅವನ ಜೊತೆ ಮಾತಾಡುತ್ತಾಳೆ. ಮೊದಮೊದಲು ಉತ್ತರ ಅದೇ ದಿನ ಬರುತ್ತದೆ. ಆಮೇಲೆ ವಾರಕ್ಕೆ, ತಿಂಗಳಿಗೆ, ವರ್ಷಕ್ಕೆ. ಇದು ಮೊದಲರ್ಧ. ಎರಡನೆಯ ಅರ್ಧದಲ್ಲಿ ಆಕೆ ಮುದುಕಿ. ಉತ್ತರಗಳು ಬರುತ್ತಲೇ ಇರುತ್ತವೆ. ಕೊನೆಗೆ ತಿಳಿಯುತ್ತದೆ: ಅವನು ಸತ್ತು ಎಷ್ಟೋ ವರ್ಷವಾಗಿದೆ, ಅವನ ಮಾತಿನ ಧಾಟಿ ಕಲಿತ ಹಡಗಿನ ಯಂತ್ರ ಅವನ ದನಿಯಲ್ಲೇ ಉತ್ತರ ಕೊಡುತ್ತಿದೆ. ಆಕೆ ಅಂದು ಸಂಜೆ ಏನೂ ಮಾತಾಡದೆ ಕೂತು, ತನ್ನ ಕೈಯಾರೆ ಯಂತ್ರ ಆರಿಸುತ್ತಾಳೆ.

ಊರಿಗೆ ಊರೇ ಓದಿತು ಅದನ್ನು. ಗಿರಣಿಗೆ ಜೋಳ ತಂದವರು ಡಬ್ಬಿ ಇಟ್ಟು, "ಈ ವಾರ ಉತ್ತರ ಬಂತೇನು?" ಎಂದು ನನ್ನನ್ನು ಕೇಳುತ್ತಿದ್ದರು. ರೂಪನಗುಡಿಯಿಂದ ಒಬ್ಬ ರೈತರು ಕಾರ್ಡು ಬರೆದು, ಆ ಯಂತ್ರವನ್ನು ಆರಿಸಬಾರದಿತ್ತು, ಸುಳ್ಳಾದರೂ ದನಿ ಇರುತ್ತಿತ್ತಲ್ಲ ಎಂದು ಮಾಸ್ತರನ್ನು ಬೈದಿದ್ದರು. ಮಾಸ್ತರು ಅದಕ್ಕೆ, "ನಾನು ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ," ಎಂದು ಉತ್ತರ ಅಚ್ಚು ಹಾಕಿಸಿದರು.

ಧಾರಾವಾಹಿ ಮುಗಿದ ಮರುವರ್ಷ ಆ ಕಾದಂಬರಿಯ ಚಿತ್ರವೇ ನಮ್ಮ ಟಾಕೀಸಿಗೆ ಬಂತು. ಎರಡು ಭಾಗದಲ್ಲಿ ತೆಗೆಯುತ್ತಾರಂತೆ, ಇದು ಮೊದಲರ್ಧ. ಅಂದು ಎಂಥ ಗದ್ದಲವೆಂದರೆ, ಖಾಲಿ ಬಿಡುತ್ತಿದ್ದ ಅಕ್ಕಾರ ಜಾಗದಲ್ಲೇ ನಾನು ಕೂರಬೇಕಾಯಿತು. ಮಾಸ್ತರು ಆಚೆ. ನಾನು ಈಚೆ ಇದ್ದೇನೆಂದು ಅವರಿಗೆ ಗೊತ್ತಿಲ್ಲ. ಪ್ರೆಸ್ಸಿನ ಹುಡುಗಿ ಬೆಂಚ್ ಕ್ಲಾಸಿಗೆ ಬರುತ್ತಾಳೆಂದು ಹೇಳಿಕೊಳ್ಳಲು ನನಗೆ ಅದೇನೋ ನಾಚಿಕೆ.

ಚಿತ್ರದಲ್ಲಿ ಆಕೆ ಯಂತ್ರದ ಮುಂದೆ ಕೂತಿದ್ದಾಳೆ. ಒಂದು ವರ್ಷ ಕಾದ ಮೇಲೆ ಅವನ ಉತ್ತರ ಬಂದಿದೆ. ಗೋಡೆಯ ಆಚೆಯ ದನಿ ನಡುಗುತ್ತಿತ್ತು. "ಅವ ಕೇಳಾಕತ್ಯಾನ, ಮಳಿ ಬಂತೇನು, ಮಾಳಗಿ ಸೋರಾಕತ್ತೈತೇನು ಅಂತ." ಅಲ್ಲಿ ತಡೆದರು. ನಾನು ಆ ಧಾರಾವಾಹಿಯ ಪ್ರತಿ ಸಾಲನ್ನೂ ತಿದ್ದಿದವಳು. ಕಥೆಯೊಳಗೆ ಮುಳುಗಿ ಎಲ್ಲಿದ್ದೇನೆಂಬುದೇ ಮರೆತುಹೋಗಿತ್ತು. ಬಾಯಿಂದ ತಾನಾಗಿಯೇ ಬಂತು.

"ಹೂಂ."

ದನಿ ಅಲ್ಲಿಗೇ ನಿಂತಿತು. ಚಿತ್ರ ಮುಗಿಯುವವರೆಗೆ ಗೋಡೆಯ ಆಚೆ ಉಸಿರಿನ ಸದ್ದೂ ಇಲ್ಲ. ದೊಡ್ಡವ್ವ ನನ್ನ ರಟ್ಟೆ ಹಿಡಿದ ಹಿಡಿತಕ್ಕೆ ನಾಲ್ಕು ದಿನ ಕಂದು ಗುರುತು ಉಳಿದಿತ್ತು. "ಹೊರಗ ನಡಿ ಮೊದಲು," ಎಂದು ಲೈಟು ಬರುವ ಮೊದಲೇ ಎಳೆದುಕೊಂಡು ಹೋದಳು. ಆ ವಾರದ ವಿಮರ್ಶೆ ಎಂಟೇ ಸಾಲು ಇತ್ತು. ಅರ್ಧ ಪುಸ್ತಕಕ್ಕೆ ತೀರ್ಪು ಕೊಡಲಾಗದು, ಉಳಿದ ಅರ್ಧ ಬರಲಿ, ಎಂದಿತ್ತು.

ಆ ಉಳಿದ ಅರ್ಧ ಬರಲು ವರ್ಷಗಳೇ ಹಿಡಿದವು. ನಡುವೆ ನಮ್ಮ ಯಜಮಾನರು, ಅಂದರೆ ಪತ್ರಿಕೆಯ ಸಂಪಾದಕರು, ಧಾರಾವಾಹಿಯನ್ನು ಪುಸ್ತಕವಾಗಿ ತರಬೇಕೆಂದು ಪ್ರೂಫು ಕೊಟ್ಟು ನನ್ನನ್ನು ಸಿರುಗುಪ್ಪಕ್ಕೆ ಕಳಿಸಿದರು. ಕಾಲುವೆಯ ಕಡೆಗೆ ಮುಖ ಮಾಡಿದ ಸಣ್ಣ ಮನೆ. ಎದುರಿಗೆ ಭತ್ತದ ಗದ್ದೆ. ಮಾಸ್ತರು ಪಡಸಾಲೆಯಲ್ಲಿ ಕೂತು ಕೊನೆಯ ಪುಟದವರೆಗೆ ಓದಿ ಪೆನ್ನು ಕೆಳಗಿಟ್ಟರು.

"ಪುಸ್ತಕದ ಕೊನಿ ಇದು. ಅಕಿಗೆ ನಾ ಇದನ್ನ ಹೇಳಲಿಲ್ಲವ್ವ," ಎಂದರು.

ನಾನು ಕೇಳಿರಲಿಲ್ಲ. ಅವರೇ ಹೇಳಿದರು. ಅಕ್ಕಾರು ಕುರುಗೋಡಿನ ಮನೆಯಲ್ಲಿ ಹಾಸಿಗೆ ಹಿಡಿದಾಗ, ದಿನಾ ಸಂಜೆ ಶಾಲೆಯಿಂದ ಬಂದು ಈ ಕಾದಂಬರಿಯನ್ನು ಸ್ವಲ್ಪಸ್ವಲ್ಪ ಹೇಳುತ್ತಿದ್ದರಂತೆ. ಅಕ್ಕಾರು ಗೋಡೆಗೆ ಮುಖ ಮಾಡಿ ಮಲಗಿ ಹೂಂ ಅನ್ನುತ್ತಿದ್ದರಂತೆ. ಕೊನೆಯ ಅಧ್ಯಾಯ ಬಂದಾಗ ಮಾಸ್ತರಿಗೆ ಧೈರ್ಯ ಸಾಲಲಿಲ್ಲ. ಸಾಯಲು ಬಿದ್ದವರ ಮುಂದೆ ಸತ್ತವನ ದನಿಯ ಕಥೆ ಹೇಗೆ ಹೇಳುವುದು?

"ಅವ ಬಂದ ಅಂತ ಹೇಳಿಬಿಟ್ಟೆ. ಹಡಗದಿಂದ ಇಳದು ಮನೀಗೆ ಬಂದ, ಕೈಕಾಲು ತೊಳಕೊಂಡ, ಉಣ್ಣಾಕ ಕುಂತ, ಅಕಿ ನೀಡಿದಳು. ಕಥಿ ಮುಗೀತು ಅಂದೆ."

"ಅಕ್ಕಾರು ಏನಂದ್ರು ಸರ್?"

"ಅದ ನೋಡು. ಅಷ್ಟ ತಿಂಗಳು ಹೂಂ ಅಂದಾಕಿ, ಅವತ್ತು ಹೂಂ ಅನ್ನಲಿಲ್ಲ." ಮಾಸ್ತರು ಗದ್ದೆಯ ಕಡೆ ನೋಡುತ್ತಿದ್ದರು. "ಕೇಳಾಕತ್ತೀ ಇಲ್ಲ ಅಂತ ಎರಡು ಸರ್ತಿ ಕೇಳಿದೆ. ಸುಮ್ನಿದ್ದಳು. ಆಮ್ಯಾಲ ನಾಕು ದಿನ ಇದ್ದಳು. ಆ ಕಥಿ ಮಾತು ತಗೀಲಿಲ್ಲ. ಸುಳ್ಳು ಅಂತ ತಿಳೀತೋ ಏನೋ. ಮೂವತ್ತು ವರ್ಷ ನನ್ನ ಬಾಯಿಂದ ಕಥಿ ಕೇಳಿದಾಕಿ, ಕಡೀಕ ನಾ ಸುಳ್ಳು ಹೇಳಿದೆ ಅಂತ ತಿಳಕೊಂಡು ಹೋದಳೋ ಏನೋ."

ಅಂದು ಟಾಕೀಸಿನಲ್ಲಿ ಹೂಂ ಅಂದವಳು ನಾನೇ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಎಂಥ ಹೇಡಿ ನಾನು.

"ಎರಡನೇ ಭಾಗ ಬರಲಿ," ಎಂದರು ಮಾಸ್ತರು. "ಅದ ಗ್ವಾಡಿ ಹಂತ್ಯಾಕ ಕುಂತು ಖರೇ ಕೊನಿ ಹೇಳಿಬಿಡ್ತೀನಿ. ನಾ ವಿಜ್ಞಾನ ಕಲಸಾಂವ, ದೆವ್ವ ಭೂತ ನಂಬೂದಿಲ್ಲ. ಆದ್ರ ಸುಳ್ಳು ಹೇಳಿ ಮುಗಿಸಿದ ಕಥಿ ಐತಲ್ಲ, ಅದು ದೆವ್ವಕ್ಕಿಂತ ಕೆಟ್ಟದ್ದವ್ವ. ಬೆನ್ನು ಬಿಡೂದಿಲ್ಲ."

ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಎರಡನೆಯ ಭಾಗ ಬಂತು. ಅಷ್ಟು ಹೊತ್ತಿಗೆ ಬಳ್ಳಾರಿಯ ಬೇರೆ ಟಾಕೀಸುಗಳಲ್ಲಿ ಗೋಡೆ ಒಡೆದಿದ್ದರು; ಇಲ್ಲಿ ಮಾತ್ರ ಹಾಗೇ ಇತ್ತು. ನಾನು ಬೇಗ ಹೋಗಿ, ಬೇಕೆಂದೇ ಅಕ್ಕಾರ ಜಾಗದಲ್ಲಿ ಕೂತೆ. ಯಾಕೆ ಎಂದು ಕೇಳಿದರೆ ಇಂದಿಗೂ ನನ್ನ ಬಳಿ ನೆಟ್ಟಗಿನ ಉತ್ತರ ಇಲ್ಲ. ಮಾಸ್ತರು ಆ ಖರೆ ಕೊನೆಯನ್ನು ಬರಿಯ ಗೋಡೆಗೆ ಹೇಳಬಾರದು ಅನ್ನಿಸಿತ್ತು. ದೊಡ್ಡವ್ವನಿಗೆ ಮಂಡಿ ನೋವು, ಆದರೂ ಬಂದು ಪಕ್ಕದಲ್ಲಿ ಕೂತು, ಮೊದಲೇ ನನ್ನ ಕೈ ಹಿಡಿದುಕೊಂಡಳು. "ಹೋದ ಸರ್ತಿ ಮಾಡಿದಂಗ ಮಾಡೀ ಮತ್ತ," ಎಂದು ಗದರಿದಳು.

ಮಾಸ್ತರು ಬಂದರು. ಕೆಮ್ಮಿನಿಂದಲೇ ಗುರುತು ಸಿಕ್ಕಿತು. ಚಿತ್ರ ಶುರುವಾದ ಮೇಲೆ ದನಿ ಎಂದಿನಂತೆ ನಿಧಾನಕ್ಕೆ ಸಾಗಿತು. ಆಕೆಯ ಕೂದಲು ನೆರೆತದ್ದು, ಉತ್ತರಗಳು ಬರುತ್ತಲೇ ಇದ್ದದ್ದು, ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ. ಅವರ ದನಿಯಲ್ಲಿ ಒಂದು ಸಮಾಧಾನ ಕೇಳಿಸುತ್ತಿತ್ತು. ಇನ್ನೇನು ಆಕೆ ಯಂತ್ರದ ಮುಂದೆ ಸುಮ್ಮನೆ ಕೂರಬೇಕು, ಕೈ ಮುಂದೆ ಚಾಚಬೇಕು.

ಪರದೆಯ ಮೇಲೆ ಬಾಗಿಲು ಬಡಿದ ಸದ್ದಾಯಿತು.

ಪುಸ್ತಕದಲ್ಲಿ ಅಂಥ ಬಾಗಿಲೇ ಇಲ್ಲ. ಆಕೆ ಎದ್ದು ತೆರೆದಳು. ಹೊರಗೆ ಅವನು ನಿಂತಿದ್ದ, ಜೀವಂತ. ಇಡೀ ಟಾಕೀಸು ಹೋ ಎಂದಿತು. ಅವನು ಒಳಗೆ ಬಂದ. ಮೂಲೆಯಲ್ಲಿದ್ದ ನೀರಿನಲ್ಲಿ ಕೈ ತೊಳೆದ. ಮೇಜಿನ ಮುಂದೆ ಕೂತ. ಆಕೆ ತಟ್ಟೆ ತಂದಿಟ್ಟಳು.

ಆಚೆಯ ದನಿ ನಿಂತುಹೋಗಿತ್ತು. ಮಾಸ್ತರು ಎದ್ದು ಹೋದರೋ ಎಂದುಕೊಂಡೆ. ಇಲ್ಲ. ಬಹಳ ಹೊತ್ತಿನ ಮೇಲೆ, ಗೋಡೆಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ, ಸಣ್ಣಗೆ ಬಂತು.

"ಬಂದ ನೋಡು. ಕೈಕಾಲು ತೊಳಕೊಂಡ. ಉಣ್ಣಾಕ ಕುಂತ."

ತಡೆದರು.

"ಕೇಳಾಕತ್ತೀ ಇಲ್ಲ?"

ಒಂದು ಹೂಂ. ಆ ಒಂದಕ್ಕಾಗಿ ಆ ಮನುಷ್ಯ ಅಷ್ಟು ವರ್ಷ ಕಾದಿದ್ದರು. ಅನ್ನಲೇಬೇಕೆಂದು ಬಾಯಿ ತೆರೆದೆ. ಆದರೆ ಅಕ್ಕಾರ ಬದಲು ನಾನು ಹೂಂ ಅಂದರೆ, ಸತ್ತವರ ದನಿಯಲ್ಲಿ ಉತ್ತರ ಕೊಡುವ ಆ ಯಂತ್ರಕ್ಕೂ ನನಗೂ ಏನು ವ್ಯತ್ಯಾಸ ಅನ್ನಿಸಿತು. ದೊಡ್ಡವ್ವನ ಕೈ ಬೇರೆ ಬಿಗಿಯಾಯಿತು.

"ಕೇಳಾಕತ್ತೀ ಇಲ್ಲ?" ಎರಡನೆಯ ಸಲ.

ನಾನು ಹೂಂ ಅನ್ನಲಿಲ್ಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು, ಹಿಂದಿನ ಬೆಂಚಿನವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಲೈಟು ಬಂದಾಗ ಧೈರ್ಯ ಮಾಡಿ ನಿಂತು ಆಚೆ ನೋಡಿದೆ. ಮಾಸ್ತರು ಆಗಲೇ ಬಾಗಿಲಲ್ಲಿದ್ದರು, ಹೊರಗಿನ ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು.

ಬುಧವಾರ ಲಕೋಟೆ ಬಂತು. ಮೂರು ಪುಟ. ಛಾಯಾಗ್ರಹಣ ಚೆನ್ನಾಗಿದೆ, ಮುದುಕಿಯ ಪಾತ್ರ ಮಾಡಿದ ನಟಿಯ ಕೈಗಳು ಮುಖಕ್ಕಿಂತ ಚೆನ್ನಾಗಿ ನಟಿಸಿವೆ ಎಂದೆಲ್ಲ ಇತ್ತು. ಕೊನೆಯ ಪುಟದಲ್ಲಿ ಹೀಗಿತ್ತು: "ಹೋದವನನ್ನು ಮನೆಗೆ ಕರೆತಂದು ಊಟಕ್ಕೆ ಕೂರಿಸುವುದು ಸುಲಭ. ಆಸೆಯಿದ್ದ ಯಾರು ಬೇಕಾದರೂ ಅದನ್ನು ಮಾಡಬಹುದು, ನಾನೂ ಮಾಡಿದ್ದೇನೆ. ಕೇಳುವವರು ಹೂಂ ಅಂದರೆ ಮಾತ್ರ ಅದು ಕಥೆ. ಈ ಚಿತ್ರದ ಕೊನೆಗೆ ಯಾರೂ ಹೂಂ ಅನ್ನಲಿಲ್ಲ. ಆದ್ದರಿಂದ ಇದು ಸುಳ್ಳು."

ಯಜಮಾನರು ಓದಿ ತಲೆ ಕೆರೆದುಕೊಂಡರು. "ಇಡೀ ಟಾಕೀಸು ಚಪ್ಪಾಳಿ ಹೊಡದೈತಿ. ಯಾರೂ ಹೂಂ ಅನ್ನಲಿಲ್ಲ ಅಂದ್ರ ಏನರ್ಥವ್ವ ಇದು? ತಗದುಬಿಡಲೇನು ಈ ಸಾಲು?"

"ಬ್ಯಾಡ್ರಿ. ಅವರ ಮಾತು ತಿದ್ದಬಾರದು," ಎಂದೆ.

ತೀರ್ಪು ಅವರದು, ಸಾಕ್ಷಿ ನನ್ನದು. ನಾನು ಸುಮ್ಮನಿದ್ದದ್ದನ್ನು ಮಾಸ್ತರು ಅಕ್ಕಾರ ಲೆಕ್ಕಕ್ಕೆ ಹಾಕಿದ್ದರು. ಅಕ್ಷರ ತಪ್ಪಿಲ್ಲದೆ ಅಚ್ಚಾಯಿತು. ಅದೇ ಅವರ ಕೊನೆಯ ಬರಹ. ಮತ್ತೆ ಬುಧವಾರ ಲಕೋಟೆ ಬರಲಿಲ್ಲ, ಭಾನುವಾರ ಗೋಡೆಯ ಆಚೆ ದನಿ ಕೇಳಲಿಲ್ಲ. ಕಂಡಕ್ಟರನ್ನು ಕೇಳಿದರೆ, "ಮಾಸ್ತರು ಆರಾಮದಾರ, ಬರಿಯೂದು ಬಿಟ್ಟಾರಂತ," ಎನ್ನುತ್ತಿದ್ದ. ನಾನು ಹೋಗಿ ನಿಜ ಹೇಳಬೇಕೆಂದು ವಾರವಾರವೂ ಅಂದುಕೊಂಡೆ. ದೊಡ್ಡವ್ವನ ರಕ್ತವೇ ತಾನೆ, ಅಂದುಕೊಳ್ಳುವುದರಲ್ಲೇ ದಿನ ಹೋದವು. ದೊಡ್ಡವ್ವನೂ ಹೋದಳು.

ಕಡೆಗೆ ನಾನು ಸಿರುಗುಪ್ಪದ ಬಸ್ಸು ಹತ್ತಿದ್ದು ಮಾಸ್ತರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದ ಮೇಲೆ. ಮಧ್ಯಾಹ್ನದ ಹೊತ್ತು. ಪಕ್ಕದ ಮನೆಯ ಹೆಂಗಸು ಗಂಜಿ ಕುಡಿಸಿ ಹೋಗಿದ್ದಳು. ಮಾಸ್ತರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಜೇಬಿನಲ್ಲಿ ಸೀಮೆಸುಣ್ಣ ಇಲ್ಲದ ಅವರನ್ನು ನಾನು ಅಂದೇ ಮೊದಲು ನೋಡಿದ್ದು.

"ಸರ್, ಮೊದಲನೇ ಭಾಗಕ್ಕ ಗ್ವಾಡಿ ಈಚಿಂದ ಹೂಂ ಅಂದಾಕಿ ನಾನ," ಎಂದೆ.

"ಅಕಿ ಅಲ್ಲ ಅಂತ ಗೊತ್ತೈತಿ," ಎಂದರು ತಿರುಗದೆ. "ನನಗ ಆವಾಗ ಅಷ್ಟು ತಿಳೀಲಿಲ್ಲ, ಎದಿ ಒಡದಂಗಾಗಿತ್ತು. ಆಮ್ಯಾಲ ತಿಳೀತು. ಅಕಿ ಹೂಂ ಅಷ್ಟು ಅವಸರದ್ದಲ್ಲ."

ಅಲ್ಲಿಗೇ ನಿಲ್ಲಿಸಿ ಬರಬಹುದಿತ್ತು. ಎರಡನೆಯ ಸಲ ಸುಮ್ಮನಿದ್ದವಳೂ ನಾನೇ ಎಂದು ಕ್ಷಮೆ ಕೇಳಿ ಬರಬೇಕೆಂದೇ ಹೋದವಳು ನಾನು. ಆದರೆ ಆ ಬೆನ್ನು ನೋಡಿದ ಮೇಲೆ ಬಾಯಿಂದ ಬೇರೆಯೇ ಬಂತು. ಬಸ್ಸಿನಲ್ಲಿ ಯೋಚಿಸಿದ್ದಲ್ಲ, ದೇವರಾಣೆ.

"ಸರ್, ನಿಮಗ ಒಂದು ಮಾತು ಹೇಳಬೇಕಿತ್ತು. ಅಕ್ಕಾರು ಹೋಗೂ ಎರಡು ದಿನ ಮುಂಚೆ ನಮ್ಮ ದೊಡ್ಡವ್ವ ಕುರುಗೋಡಿಗೆ ಬಂದಿದ್ಲು, ಅವರನ್ನ ನೋಡಾಕ. ನೀವು ಸಾಲಿಗೆ ಹೋಗಿದ್ರಿ."

ಮಾಸ್ತರು ಮೆಲ್ಲಗೆ ನನ್ನ ಕಡೆ ಹೊರಳಿದರು.

"ಅಕ್ಕಾರು ಕಥಿ ಬಗ್ಗೆ ಹೇಳಿದ್ರಂತ. ಅವ ಮನೀಗೆ ಬಂದ, ಕೈಕಾಲು ತೊಳಕೊಂಡ ಅಂದಕೂಡ್ಲೇ ಜೀವಕ್ಕ ಸಮಾಧಾನ ಆತು, ಎಷ್ಟೋ ದಿನದ ಮ್ಯಾಲ ಕಣ್ತುಂಬ ನಿದ್ದಿ ಬಂತು, ಹೂಂ ಅನ್ನೂದ್ರಾಗ ನಿದ್ದಿ ಹತ್ತಿಬಿಡ್ತು ಅಂದ್ರಂತ. ದೊಡ್ಡವ್ವ ಇದನ್ನ ನಿಮಗ ಹೇಳಬೇಕಂತಿದ್ಲು. ಆಗಲಿಲ್ಲ."

ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಆ ಕಣ್ಣು ಪುಸ್ತಕ ಮತ್ತು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದ ಅದೇ ಕಣ್ಣು.

"ನಿಮ್ಮ ದೊಡ್ಡವ್ವ ಯಾವ ಬಸ್ಸಿಗೆ ಬಂದಿದ್ಲವ್ವ?"

"ಹತ್ತೂವರಿ ಬಸ್ಸಿಗೆ," ಎಂದೆ, ತಡವರಿಸದೆ.

ಮಾಸ್ತರು ಕಣ್ಣು ಮುಚ್ಚಿಕೊಂಡರು. ನಾನು ಕಾದೆ. ಹೊರಗೆ ಕಾಲುವೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಬರುತ್ತಿತ್ತು. "ಕೇಳಾಕತ್ತೀರೇನು ಸರ್?" ಎಂದೆ. ಉಸಿರು ಸರಿಯಾಗಿಯೇ ಆಡುತ್ತಿತ್ತು. ನಿದ್ದೆ ಹತ್ತಿತ್ತೋ, ಸುಮ್ಮನೆ ಮಲಗಿದ್ದರೋ. ಸಂಜೆಯ ಬಸ್ಸಿನವರೆಗೂ ಅಲ್ಲೇ ಕೂತಿದ್ದೆ. ಎಂಟು ದಿನದ ಮೇಲೆ ಅವರು ತೀರಿಹೋದ ಸುದ್ದಿಯನ್ನು ಅದೇ ಕಂಡಕ್ಟರ ತಂದ.

ಆಗಿನ ಕಾಲದಲ್ಲಿ ಬಳ್ಳಾರಿಯಿಂದ ಕುರುಗೋಡಿಗೆ ಹತ್ತೂವರೆಯ ಬಸ್ಸು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸಿದರೆ ಹೇಳುವವರು ಇನ್ನೂ ಇದ್ದಾರೆ. ನಾನು ವಿಚಾರಿಸಿಲ್ಲ. ಮಾಸ್ತರು ಮಾತ್ರ ಹೂಂ ಅನ್ನಲಿಲ್ಲ.